ಇಲಿ ಬಿದ್ದ ಬೀದಿಯ ಬೆಕ್ಕಿನ ಮರಿ

"ಗುರುಗಳೇ, ಹೆದರಿ ತೆಗೆದುಕೊಂಡ ತೀರ್ಮಾನ ಸರಿಯಾಗಿರಲು ಸಾಧ್ಯವೇ?" ಎಂದು ಸಿದ್ಧವೀರ ಕೇಳಿದ.

"ಏನಾಯಿತು, ಅದನ್ನು ಹೇಳು," ಎಂದರು ಗುರು.

"ನಮ್ಮ ಹಿತ್ತಲಿಗೆ ಒಂದು ಬೆಕ್ಕಿನ ಮರಿ ಬಂದಿದೆ. ಹೆಂಡತಿ ಸಾಕೋಣ ಎನ್ನುತ್ತಾಳೆ. ತಾಯಿ ಬೇಡ ಎನ್ನುತ್ತಾಳೆ. ತಮ್ಮ ಇಬ್ಬರ ಮಾತಿಗೂ ತಲೆಯಾಡಿಸುತ್ತಾನೆ. ಯಜಮಾನ ನಾನು, ನಾನು ಹೇಳಬೇಕು. ಬೇಡ ಎನ್ನುವುದಕ್ಕೆ ಬೇಕಾದಷ್ಟು ಕಾರಣಗಳು ಹೊಳೆಯುತ್ತವೆ. ಆದರೆ ಕಾರಣ ಮೊದಲು ಹುಟ್ಟಿತೋ ಹೆದರಿಕೆ ಮೊದಲು ಹುಟ್ಟಿತೋ ತಿಳಿಯುತ್ತಿಲ್ಲ."

"ಯಾವುದರ ಹೆದರಿಕೆ?"

"ಅದೇ ಗೊತ್ತಾಗುತ್ತಿಲ್ಲ."

"ಹಾಗಾದರೆ ಕೂತುಕೋ," ಎಂದರು ಗುರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಾಳಿನ ವ್ಯಾಪಾರಿ ಇದ್ದ. ಮನೆಯ ಮುಂಭಾಗದಲ್ಲಿ ಅಂಗಡಿ, ಹಿಂದೆ ರಾಗಿ, ಕಡಲೆ, ಹುರುಳಿಯ ಮೂಟೆಗಳ ಉಗ್ರಾಣ. ಉಗ್ರಾಣದ ಪಕ್ಕದ ಕೋಣೆಯಲ್ಲಿ ಅವನ ಸೊಸೆ ಚೆನ್ನಾಜಮ್ಮ ಮಲಗುತ್ತಿದ್ದಳು. ಅವಳು ಹಸಿ ಬಾಣಂತಿ. ತವರಿನಲ್ಲಿ ಕರೆಯುವವರು ಯಾರೂ ಉಳಿದಿರಲಿಲ್ಲ. ಆದ್ದರಿಂದ ಹೆರಿಗೆ ಅತ್ತೆಯ ಮನೆಯಲ್ಲೇ ಆಗಿತ್ತು. ಮಗು ಹೆಣ್ಣು.

ಅದು ಪ್ಲೇಗಿನ ಕಾಲ. ಮನೆಯಲ್ಲಿ ಇಲಿ ತಾನಾಗಿ ಸತ್ತು ಬಿದ್ದರೆ ಜನ ‘ಇಲಿ ಬಿತ್ತು’ ಎನ್ನುತ್ತಿದ್ದರು. ಆ ಮಾತು ಬಂತೆಂದರೆ ಪಟೇಲನಿಗೆ ತಿಳಿಸಬೇಕು. ಆ ಬೀದಿಯವರೆಲ್ಲ ಮನೆಗಳಿಗೆ ಬೀಗ ಹಾಕಿ, ಊರಾಚೆಯ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡು, ಬೇನೆ ಇಳಿಯುವವರೆಗೆ ಅಲ್ಲೇ ಇರಬೇಕು. ಊರಿನವರೇ ಕೂಡಿ ಮಾಡಿಕೊಂಡಿದ್ದ ಕಟ್ಟು ಅದು. ಒಳ್ಳೆಯ ಕಟ್ಟು. ಆದರೆ ಜನ ಅದಕ್ಕೊಂದು ಬಾಲ ಅಂಟಿಸಿದ್ದರು. ಯಾರ ಮನೆಯಲ್ಲಿ ಮೊದಲು ಇಲಿ ಬಿತ್ತೋ, ಮಾರಿಯನ್ನು ಊರಿಗೆ ಕರೆದವರು ಅವರೇ. ಬೇನೆ ಇಳಿದ ಮೇಲೂ ಅವರ ಮನೆಯ ನೀರು ಯಾರೂ ಕುಡಿಯುತ್ತಿರಲಿಲ್ಲ. ಅವರ ಅಂಗಡಿಗೆ ಯಾರೂ ಹೋಗುತ್ತಿರಲಿಲ್ಲ. ಅವರ ಹೆಣ್ಣುಮಕ್ಕಳನ್ನು ಯಾರೂ ಸೊಸೆಯಾಗಿ ತರುತ್ತಿರಲಿಲ್ಲ.

ಮೊದಲು ಕೆಳಗಿನ ಕೇರಿಯಲ್ಲಿ ಇಲಿ ಬಿತ್ತು. ಕೇರಿಯವರು ಅಂದೇ ಬಂದು ಹೇಳಿದರು. ಪಟೇಲ ತಮಟೆ ಹೊಡೆಸಿದ. ಅವರು ಮಕ್ಕಳನ್ನೂ ಮುದುಕರನ್ನೂ ಹೊತ್ತುಕೊಂಡು ಬಯಲಿಗೆ ಹೊರಟರು. ವ್ಯಾಪಾರಿಯ ಬೀದಿಯವರು ಜಗಲಿಯ ಮೇಲೆ ನಿಂತು ನೋಡಿದರು. "ಹೊಲಸಿಗೆ ಬಂದಿದೆ, ನಮಗೇಕೆ ಬರುತ್ತದೆ?" ಎಂದು ಮಾತಾಡಿಕೊಂಡರು. ಊರಿನ ಕಾಳೆಲ್ಲ ಇದ್ದದ್ದು ಈ ಬೀದಿಯಲ್ಲಿ. ಕಾಳಿದ್ದ ಕಡೆ ಇಲಿ ಇರುತ್ತದೆ. ಇಷ್ಟು ಗೊತ್ತಾಗುವುದಕ್ಕೆ ಓದು ಬೇಕಿಲ್ಲ. ಆದರೂ ಯಾರಿಗೂ ಗೊತ್ತಾಗಲಿಲ್ಲ.

ಚೆನ್ನಾಜಮ್ಮನಿಗೆ ಹೆದರಿಕೆ ಶುರುವಾಯಿತು. ಇಲಿಗಳು ಹಗಲಲ್ಲೇ ಅವಳ ಕೋಣೆಗೆ ಬರುತ್ತಿದ್ದವು. ಮಗುವಿಗೆ ಸುತ್ತಿದ ಬಟ್ಟೆಯ ಅಂಚನ್ನು ಕಡಿದು ಹೋಗಿದ್ದವು. ಅವಳು ಮಗುವನ್ನು ತೊಟ್ಟಿಲಲ್ಲಿ ಹಾಕುವುದನ್ನೇ ಬಿಟ್ಟಳು. ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂರುತ್ತಿದ್ದಳು.

ಬೀದಿಯ ಕೊನೆಯಲ್ಲಿ ಒಬ್ಬ ಗಾಣಗಿತ್ತಿ ಇದ್ದಳು. ಅವಳ ಬೆಕ್ಕು ಮರಿ ಹಾಕಿತ್ತು. ಬಾಣಂತಿಗೆ ಎಣ್ಣೆ ಕೊಡಲು ಬಂದವಳು ಆ ಕಡಿದ ಬಟ್ಟೆಯನ್ನು ನೋಡಿದಳು. ಮರುದಿನ ಸೆರಗಿನಲ್ಲಿ ಒಂದು ಮರಿಯನ್ನು ಕಟ್ಟಿಕೊಂಡು ಬಂದಳು.

"ಇಟ್ಕೊ ತಾಯಿ. ಈಗ ಇದು ಏನೂ ಹಿಡಿಯಲ್ಲ. ಆದರೆ ಬೆಕ್ಕಿನ ವಾಸನೆ ಇದ್ದರೆ ಇಲಿ ಹತ್ತಿರ ಬರೋಕೆ ಯೋಚನೆ ಮಾಡ್ತವೆ," ಎಂದಳು.

ಚೆನ್ನಾಜಮ್ಮ ಮರಿಯನ್ನು ಮುಟ್ಟಲಿಲ್ಲ. ಮನೆಯವರನ್ನು ಕೇಳದೆ ಒಂದು ಹಿಡಿ ಉಪ್ಪನ್ನೂ ಎತ್ತಿಕೊಳ್ಳುವ ಅಧಿಕಾರ ಆ ಮನೆಯಲ್ಲಿ ಅವಳಿಗಿರಲಿಲ್ಲ. ಅವಳು ಅತ್ತೆಯನ್ನು ಕೇಳಿದಳು. ಅತ್ತೆ ಮಾವನನ್ನು ಕೇಳಿದಳು. ಗಾಣಗಿತ್ತಿ ಹೊರಗೆ ಜಗಲಿಯಲ್ಲಿ ಕಾದಳು, ಮನೆಯವರೆಲ್ಲ ನಡುಮನೆಯಲ್ಲಿ ಕೂತರು. ಮರಿ ಮಧ್ಯದಲ್ಲಿ ಒಂದು ಮೊರದ ಮೇಲೆ ಕೂತಿತ್ತು.

ವ್ಯಾಪಾರಿಯ ಮುದಿ ತಾಯಿ ಹೇಳಿದಳು, "ಬೆಕ್ಕು ನಮ್ಮ ಮನೇಲಿ ಸತ್ತರೆ ಪಾಪ ನಮ್ಮ ತಲೆಗೆ. ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು."

ಅತ್ತೆ ಹೇಳಿದಳು, "ಬೆಕ್ಕಿನ ಕೂದಲು ಹಸುಗೂಸಿನ ಹೊಟ್ಟೆಗೆ ಹೋದರೆ ಉಬ್ಬಸ ಹಿಡಿಯುತ್ತೆ."

ಗಂಡ ಅಪ್ಪನ ಮುಖ ನೋಡಿದ.

ಇವು ಯಾವುವೂ ಕಾರಣಗಳಲ್ಲ. ನಿಜವಾದ ಕಾರಣ ವ್ಯಾಪಾರಿಯ ಹೊಟ್ಟೆಯಲ್ಲಿತ್ತು. ಅವನು ಬಾಗಿಲು ಹಾಕಿ ಬಂದು ದನಿ ತಗ್ಗಿಸಿ ಹೇಳಿದ.

"ಈ ಮರಿ ದೊಡ್ಡದಾಗುತ್ತೆ. ಇಲಿ ಹಿಡಿಯುತ್ತೆ. ಹಿಡಿದದ್ದನ್ನ ತಂದು ಎಲ್ಲಿ ಹಾಕುತ್ತೆ? ಹೊಸ್ತಿಲ ಮೇಲೆ. ಬೀದಿಯವರು ನೋಡ್ತಾರೆ. ಸತ್ತ ಇಲಿಯನ್ನ ಬೆಕ್ಕು ಕೊಂದಿತೋ ಮಾರಿ ಕೊಂದಳೋ ಅಂತ ಯಾರಾದರೂ ಕೇಳ್ತಾರಾ? ಶೆಟ್ಟರ ಮನೇಲಿ ಇಲಿ ಬಿತ್ತು ಅಂತಾರೆ. ಅಷ್ಟೇ. ಅಂಗಡಿಯೂ ಹೋಯ್ತು, ಮನೆತನವೂ ಹೋಯ್ತು."

"ಮಾವ, ಮಗೂನ ಇಲಿ ಕಚ್ಚಿದರೆ?" ಎಂದಳು ಚೆನ್ನಾಜಮ್ಮ.

"ಕಚ್ಚಿದರೆ ಅರಿಶಿನ ಹಚ್ಚೋಣ. ಊರ ಬಾಯಿಗೆ ಏನು ಹಚ್ತೀಯಾ?"

ತೀರ್ಮಾನವಾಯಿತು. ಗಾಣಗಿತ್ತಿ ಮರಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. "ಇಲಿಗೆ ಮೂಟೆಗಟ್ಟಲೆ ಬಡಿಸೋ ಮನೇಲಿ ಬೆಕ್ಕಿಗೆ ಒಂದು ತೊಟ್ಟು ಹಾಲಿಲ್ಲ. ಇರಲಿ ಬಿಡಿ ಶೆಟ್ಟರೇ, ನೆಂಟರು ಯಾರಾದರೇನು," ಎಂದು ಹೇಳಿ ಹೋದಳು.

ಸ್ವಲ್ಪ ದಿನಗಳಾದವು. ಒಂದು ಬೆಳಿಗ್ಗೆ ವ್ಯಾಪಾರಿ ರಾಗಿ ಅಳೆಯಲು ಉಗ್ರಾಣಕ್ಕೆ ಹೋದ. ಮೂಟೆಗಳ ಸಂದಿನಿಂದ ಒಂದು ಇಲಿ ಹೊರಗೆ ಬಂತು. ಅವನನ್ನು ಕಂಡು ಓಡಲಿಲ್ಲ. ಕುಡಿದವರ ಹಾಗೆ ತೂರಾಡಿತು, ಇದ್ದಲ್ಲೇ ಸುತ್ತು ಹಾಕಿತು, ಅವನ ಕಾಲ ಬಳಿ ಬಿದ್ದು ಸತ್ತಿತು. ಬಾಯಲ್ಲಿ ರಕ್ತವಿತ್ತು. ವ್ಯಾಪಾರಿಯ ಕೈಯಿಂದ ಸೇರು ಜಾರಿತು. ಆ ಸದ್ದಿಗೆ ಚೆನ್ನಾಜಮ್ಮ ಕೋಣೆಯ ಬಾಗಿಲಿಗೆ ಬಂದಳು. ಇಬ್ಬರೂ ಇಲಿಯನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು.

"ನೀನು ಏನೂ ನೋಡಲಿಲ್ಲ," ಎಂದ ವ್ಯಾಪಾರಿ.

ಅವನು ಇಲಿಯನ್ನು ಇಕ್ಕಳದಿಂದ ಎತ್ತಿ, ಚಿಂದಿಯಲ್ಲಿ ಸುತ್ತಿ, ಹಿತ್ತಲಲ್ಲಿ ಹೂತ. ಮರುದಿನ ಇನ್ನೊಂದು ಬಿತ್ತು. ಅದರ ಮರುದಿನ ಮೂಟೆಗಳ ಅಡಿಯಿಂದ ವಾಸನೆ ಬಂತು. ವಾಸನೆಯನ್ನು ಹೂಳಲು ಆಗುವುದಿಲ್ಲ. ಅಂಗಡಿಗೆ ಬಂದ ಗಿರಾಕಿಯೊಬ್ಬ ಮೂಗು ಅರಳಿಸಿದ. ವ್ಯಾಪಾರಿ ಅಂದು ಊಟ ಮಾಡಲಿಲ್ಲ.

ಸಂಜೆಯಾಗುವ ಮೊದಲೇ ಅವನು ಗಾಣಗಿತ್ತಿಯ ಮನೆಗೆ ತಾನೇ ನಡೆದ.

"ಆ ಮರಿ ಇದೆಯಾ?"

"ಇದೆ. ಯಾಕೆ ಶೆಟ್ಟರೇ, ಚಿನ್ನದ ಬೆಕ್ಕು ಮಾಡಿಸೋ ಶಕ್ತಿ ಬಂತಾ?"

"ಸೊಸೆ ಆಸೆಪಟ್ಟಳು. ಬಾಣಂತಿ ಆಸೆ ಮುರಿಯಬಾರದು."

ಅವನು ಮರಿಯನ್ನು ಶಲ್ಯದಲ್ಲಿ ಬಚ್ಚಿಡಲಿಲ್ಲ. ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಬೀದಿಯ ನಡುವೆ, ಎಲ್ಲರಿಗೂ ಕಾಣುವ ಹಾಗೆ ನಡೆದು ಬಂದ. ಜಗಲಿಯ ಕಂಬಕ್ಕೆ ಹುರಿ ಹಾಕಿ ಕಟ್ಟಿದ. ಹಾಲು ತರಿಸಿದ. ಮರುದಿನ ಬೆಳಿಗ್ಗೆ ಮರಿಯ ಪಕ್ಕದಲ್ಲಿ ಒಂದು ಸತ್ತ ಇಲಿ ಇತ್ತು.

ಅದನ್ನು ಅಲ್ಲಿ ಇಟ್ಟವರು ಯಾರು ಎಂದು ನಾನು ಹೇಳಬೇಕಾಗಿಲ್ಲ.

ಎದುರು ಮನೆಯ ಅಕ್ಕಸಾಲಿ ಬಂದು ನೋಡಿದ. ಮರಿಯನ್ನು ನೋಡಿದ, ಇಲಿಯನ್ನು ನೋಡಿದ.

"ಶೆಟ್ಟರೇ, ಇಲಿಯೇ ಮರಿಗಿಂತ ದಪ್ಪ ಇದೆಯಲ್ಲ?"

"ಗಾತ್ರದಲ್ಲೇನಿದೆ ಆಚಾರ್ರೇ? ನಿಮ್ಮ ಸುತ್ತಿಗೆ ಎಷ್ಟು ದಪ್ಪ ಇದೆ?"

ಅಕ್ಕಸಾಲಿ ನಕ್ಕ. ಬಹಳ ಹೊತ್ತು ನಕ್ಕ. ನಗು ನಿಂತ ಮೇಲೆ ಸ್ವಲ್ಪ ಹತ್ತಿರ ಬಂದು, "ಗಾಣಗಿತ್ತಿ ಹತ್ತಿರ ಇನ್ನೂ ಮರಿ ಉಳಿದಿವೆಯಾ?" ಎಂದು ಕೇಳಿದ.

ಸಂಜೆ ಅಕ್ಕಸಾಲಿಯ ಜಗಲಿಯಲ್ಲೂ ಒಂದು ಮರಿ ಕೂತಿತ್ತು. ಬೆಳಿಗ್ಗೆ ಅದರ ಪಕ್ಕದಲ್ಲೂ ಒಂದು ಇಲಿ. ಆಮೇಲೆ ಬಟ್ಟೆ ಅಂಗಡಿಯವನು ತಂದ. ಬೆಲ್ಲದ ಮಂಡಿಯವನು ತಂದ. ಪೂಜಾರಿಯೂ ತಂದ. ಗಾಣಗಿತ್ತಿಯ ಮರಿಗಳು ಮುಗಿದವು. ಜನ ಪಕ್ಕದ ಊರುಗಳಿಗೆ ಹೋಗಿ ಚೀಲದಲ್ಲಿ ತುಂಬಿಕೊಂಡು ಬಂದರು. ಕಣ್ಣು ಸರಿಯಾಗಿ ಬಿಡದ ಮರಿಗಳನ್ನೂ ತಂದರು. ಹಿಂದೆ ಬೆಕ್ಕು ಅಡ್ಡ ಬಂದರೆ ಮನೆಗೆ ತಿರುಗಿ ಕಾಲು ತೊಳೆಯುತ್ತಿದ್ದ ಜನ ಅವರು.

ಬೀದಿಯಲ್ಲಿ ಹೊಸ ಮಾತುಕತೆ ಶುರುವಾಯಿತು.

"ನಿಮ್ಮದು ನಿನ್ನೆ ಎಷ್ಟು ಹೊಡೀತು?"

"ಎರಡು. ನಿಮ್ಮದು?"

"ಅಯ್ಯೋ, ನಮ್ಮದಕ್ಕೆ ಲೆಕ್ಕವೇ ಇಲ್ಲ. ರಾಕ್ಷಸ ಜಾತಿ."

ಹೀಗೆ ಒಬ್ಬರನ್ನೊಬ್ಬರು ಹೊಗಳಿದರು. ಯಾರೂ ಇನ್ನೊಬ್ಬರ ಇಲಿಯನ್ನು ಬಗ್ಗಿ ನೋಡಲಿಲ್ಲ. ಅದರ ಕುತ್ತಿಗೆಯಲ್ಲಿ ಹಲ್ಲಿನ ಗುರುತು ಇದೆಯೇ ಎಂದು ಕೇಳಲಿಲ್ಲ. ಕೇಳಿದವನಿಗೆ ತಿರುಗಿ ಅದೇ ಪ್ರಶ್ನೆ ಬರುತ್ತಿತ್ತು. ಪಟೇಲ ವಿಚಾರಿಸಲು ಬಂದ. ಸಾಲು ಜಗಲಿಗಳ ಮೇಲೆ ಸಾಲು ಮರಿಗಳನ್ನು ಕಂಡ. "ಬುದ್ಧಿವಂತರ ಬೀದಿ," ಎಂದು ತಲೆದೂಗಿದ. ಹೋಗುವಾಗ ಒಂದು ಮರಿಯನ್ನು ತನ್ನ ಮನೆಗೂ ಕೇಳಿ ಪಡೆದ.

ವ್ಯಾಪಾರಿಯ ಮನೆಯ ಮರಿ ಹುರಿ ಕಡಿದುಕೊಂಡು ಚೆನ್ನಾಜಮ್ಮನ ಮಂಚದ ಕೆಳಗೆ ಸೇರುತ್ತಿತ್ತು. ಒಮ್ಮೆ ವ್ಯಾಪಾರಿ ಅದನ್ನು ಎಳೆದು ಸತ್ತ ಇಲಿಯ ಮುಂದೆ ಕೂರಿಸುವುದನ್ನು ಅವಳು ನೋಡಿದಳು. ಮರಿಯ ಮೈಕೂದಲು ನಿಮಿರಿತು. ಅದು ಹಿಂದೆ ಹಿಂದೆ ಸರಿಯಿತು. ಹುರಿ ಬಿಗಿಯಾಗಿ ಕತ್ತು ಒತ್ತಿದರೂ ಸರಿಯುತ್ತಲೇ ಇತ್ತು. ಆ ಬೀದಿಯಲ್ಲಿ ಇಲಿಗೆ ಹೆದರಬೇಕೆಂದು ತಿಳಿದಿದ್ದದ್ದು ಆ ಮರಿಗೆ ಮಾತ್ರ ಎಂದು ಅವಳಿಗೆ ಅನಿಸಿತು.

ಅವಳು ಗಂಡನಿಗೆ ಹೇಳಿದಳು, "ನಡೀರಿ, ಬಯಲಿಗೆ ಹೋಗೋಣ. ಇಲ್ಲಿದ್ದರೆ ಮಗು ಉಳಿಯಲ್ಲ."

"ಅಪ್ಪನಿಗೆ ಏನು ಹೇಳಲಿ?"

"ಇಲಿ ಬಿದ್ದಿದೆ ಅಂತ ಹೇಳಿ."

"ಅಪ್ಪನಿಗೆ ಗೊತ್ತಿಲ್ಲವಾ? ಗೊತ್ತಿರೋದನ್ನ ಹೇಳಿದರೆ ಇನ್ನೂ ಸಿಟ್ಟು ಬರುತ್ತೆ."

ಅವನು ಕೆಟ್ಟವನಲ್ಲ. ಮಗುವನ್ನು ಎತ್ತಿಕೊಂಡರೆ ಅವನ ಕಣ್ಣು ತುಂಬುತ್ತಿತ್ತು. ಆದರೆ ಬೆನ್ನೆಲುಬು ಇಲ್ಲದವನ ಕಣ್ಣೀರನ್ನು ತೆಗೆದುಕೊಂಡು ಮಗು ಏನು ಮಾಡಬೇಕು?

ಆ ವಾರವೇ ವ್ಯಾಪಾರಿಯ ಮುದಿ ತಾಯಿಗೆ ಜ್ವರ ಬಂತು. ತೊಡೆಯ ಸಂದಿನಲ್ಲಿ, ಪ್ಲೇಗಿನ ಗಂಟು ಏಳುವ ಕಡೆಯೇ, ಗಂಟು ಎದ್ದಿತು. "ಕುರು," ಎಂದಳು ಅತ್ತೆ. ಅಗಸೆ ಹಿಟ್ಟು ಬೇಯಿಸಿ ಕಟ್ಟಿದಳು. "ಕುರುವೇ," ಎಂದು ಮತ್ತೊಮ್ಮೆ ಹೇಳಿದಳು. ಯಾರೂ ಅಲ್ಲ ಎಂದಿರಲಿಲ್ಲ. ಎದುರು ಮನೆಯಿಂದಲೂ ಅಗಸೆ ಹಿಟ್ಟು ಬೇಯುವ ವಾಸನೆ ಬರುತ್ತಿತ್ತು.

ಚೆನ್ನಾಜಮ್ಮ ಎದ್ದಳು. ಬಾಣಂತಿ ಹೊಸ್ತಿಲು ದಾಟುವ ದಿನ ಇನ್ನೂ ಬಂದಿರಲಿಲ್ಲ. ತಲೆಗೆ ಬಟ್ಟೆ ಬಿಗಿದುಕೊಂಡಳು, ಮಗುವನ್ನು ಎದೆಗೆ ಕಟ್ಟಿಕೊಂಡಳು, ಅಂಗಡಿಯ ಬಾಗಿಲಿನಿಂದಲೇ ಹೊರಗೆ ಬಂದಳು. ಅದು ಸಂತೆಯ ದಿನ. ಬೀದಿ ತುಂಬ ಜನ. ಗಿರಾಕಿಗೆ ಕಡಲೆ ಅಳೆಯುತ್ತಿದ್ದ ವ್ಯಾಪಾರಿ ತಲೆ ಎತ್ತುವಷ್ಟರಲ್ಲಿ ಅವಳು ಬೀದಿಯ ನಡುವೆ ನಿಂತಿದ್ದಳು. ಅವಳಿಗೆ ಹೆದರಿಕೆ ಇರಲಿಲ್ಲ ಎಂದುಕೊಳ್ಳಬೇಡ. ಬಾಯಿ ಒಣಗಿ ಮೊದಲ ಸಲ ದನಿಯೇ ಹೊರಡಲಿಲ್ಲ. ಎರಡನೆಯ ಸಲ ಹೊರಟಿತು.

"ನಮ್ಮ ಮನೇಲಿ ಇಲಿ ಬಿದ್ದಿದೆ! ಬೆಕ್ಕು ಹಿಡಿದದ್ದಲ್ಲ, ತಾನಾಗಿ ಬಿದ್ದದ್ದು. ನಾನು ಕಣ್ಣಾರೆ ನೋಡಿದೀನಿ. ಅಜ್ಜಿಗೆ ಗಂಟು ಎದ್ದಿದೆ. ಮಕ್ಕಳನ್ನ ಎತ್ಕೊಂಡು ಹೊರಡಿ!"

ತಕ್ಕಡಿಗಳು ನಿಂತವು. ಸಂತೆಗೆ ಬಂದ ಹಳ್ಳಿಯವರು ಚೀಲ ಎತ್ತಿಕೊಂಡು ಬಂದ ದಾರಿಯಲ್ಲೇ ಓಡಿದರು. ಬೀದಿಯವರು ಮಾತ್ರ ನಿಂತಲ್ಲೇ ನಿಂತಿದ್ದರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಕ್ಕಸಾಲಿ ತನ್ನ ಬೆರಳುಗಳನ್ನು ನೋಡಿಕೊಂಡ. ಬೆಲ್ಲದ ಮಂಡಿಯವನು ಕೆಮ್ಮಿದ.

"ಬಾಣಂತಿ ಸನ್ನಿ," ಎಂದ ಪೂಜಾರಿ. "ತಲೆಗೆ ನಂಜು ಏರಿದೆ. ಒಳಗೆ ಕರೆದುಕೊಂಡು ಹೋಗಿ ಕಟ್ಟಿಹಾಕಿ, ಶೆಟ್ಟರೇ."

ಆ ಮಾತು ಸಿಕ್ಕಿದ್ದೇ ತಡ, ಬೀದಿಗೆ ಉಸಿರು ಬಂತು. ಹೌದು ಸನ್ನಿ, ಸನ್ನಿ ಎಂದರು. ಅತ್ತೆ ಅಳುತ್ತ ಬಂದಳು. ವ್ಯಾಪಾರಿ ಮಗನನ್ನು ಮುಂದಕ್ಕೆ ತಳ್ಳಿದ. "ಹಿಡಿಯೋ ಅವಳನ್ನ!"

ಗಂಡ ಬಂದು ಅವಳ ತೋಳು ಹಿಡಿದ.

"ಹಿಡೀರಿ," ಎಂದಳು ಚೆನ್ನಾಜಮ್ಮ. "ಹಿಡಿದು, ನಾನು ಹೇಳಿದ್ದು ಸುಳ್ಳು ಅಂತ ಮಗಳ ತಲೆ ಮೇಲೆ ಕೈಯಿಟ್ಟು ಹೇಳಿ. ನಾನೇ ಒಳಗೆ ಬರ್ತೀನಿ."

ಅವನು ಅವಳ ತೋಳು ಬಿಟ್ಟ. ಅವನು ಮಾಡಿದ್ದು ಅಷ್ಟೇ. ಅವಳ ಜೊತೆ ಹೋಗುವಷ್ಟು ಧೈರ್ಯ ಅವನಿಗೆ ಬರಲಿಲ್ಲ.

ಅವಳು ಒಬ್ಬಳೇ ನಡೆದಳು. ಅವಳು ದಾಟಿದಂತೆಲ್ಲ ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಒಳಗಿನಿಂದ ಅಗಳಿ ಹಾಕುವ ಸದ್ದು ಅವಳಿಗೆ ಕೇಳಿಸುತ್ತಿತ್ತು. ಗಾಣಗಿತ್ತಿಯ ಬಾಗಿಲೂ ಮುಚ್ಚಿತು. ಮರಿಯನ್ನು ಕೊಡಲು ಬಂದವಳೂ ಬೀದಿಯವಳೇ ಆಗಿದ್ದಳು.

ಬಯಲಿನಲ್ಲಿ ಕೆಳಗಿನ ಕೇರಿಯವರ ಗುಡಿಸಲುಗಳಿದ್ದವು. ಅವಳು ದೂರದಲ್ಲಿ ನಿಂತಳು. ಒಬ್ಬ ಹೆಂಗಸು ಎದ್ದು ಬಂದು ದೂರದಿಂದಲೇ ಕೇಳಿದಳು.

"ಶೆಟ್ಟರ ಸೊಸೆ ಅಲ್ವಾ? ಇಲಿ ಬಿತ್ತಾ ನಿಮ್ಮನೇಲಿ?"

"ಬಿತ್ತು."

"ಯಾವಾಗ?"

"ಬಹಳ ದಿನ ಆಯ್ತು."

ಹೆಂಗಸು ಬೈಯುತ್ತಾಳೆ ಎಂದು ಚೆನ್ನಾಜಮ್ಮ ಕಾದಳು. ಬೈದಿದ್ದರೆ ತಪ್ಪೇನೂ ಇರಲಿಲ್ಲ. ಆ ಹೆಂಗಸು ಹೇಳಿದಳು, "ಹತ್ತಿರ ಬರಬೇಡ್ರವ್ವ, ನಮಗೂ ಮಕ್ಕಳಿದಾವೆ. ಆ ಹುಣಸೆ ಮರದ ಆಚೆ ಒಂದು ಗುಡಿಸಲು ಹಾಕಿಕೊಡ್ತೀವಿ. ಉಟ್ಟಿರೋದನ್ನ ಸುಟ್ಟುಬಿಡಿ. ಬೇರೆ ಸೀರೆ, ಗಂಜಿ, ನೀರು ಕಲ್ಲಿನ ಮೇಲೆ ಇಡ್ತೀವಿ. ನಾವು ಇಟ್ಟದ್ದನ್ನ ಕುಡೀತೀರಾ?"

ಚೆನ್ನಾಜಮ್ಮ ಕುಡಿದಳು. ಅವಳೂ ಹೆದರಿದ್ದಳು, ಆ ಹೆಂಗಸೂ ಹೆದರಿದ್ದಳು. ಹೆದರಿದವರಿಬ್ಬರೂ ನಿಜ ಮಾತಾಡಿದ್ದರಿಂದ ಒಂದು ಗುಡಿಸಲು ಎದ್ದಿತು. ತಾಯಿ ಉಳಿದಳು. ಮಗು ಉಳಿಯಿತು.

ಬೇನೆ ಇಳಿದ ಮೇಲೆ ಅವಳು ಊರಿಗೆ ಹೋಗಿ ನೋಡಿದಳು. ಬೀದಿಯಲ್ಲಿ ಮನುಷ್ಯರ ದನಿ ಇರಲಿಲ್ಲ. ಬಾಗಿಲುಗಳು ಅಂದು ಮುಚ್ಚಿದ ಹಾಗೆಯೇ ಇದ್ದವು. ಕೆಲವನ್ನು ಸರ್ಕಾರದ ಆಳುಗಳು ಹೊರಗಿನಿಂದ ಒಡೆದು ತೆಗೆದಿದ್ದರು. ಜಗಲಿಗಳ ಕಂಬಗಳಲ್ಲಿ ಹುರಿಯ ತುಂಡುಗಳು ನೇತಾಡುತ್ತಿದ್ದವು. ಕೆಲವು ಮರಿಗಳು ಕಡಿದುಕೊಂಡು ಹೋಗಿದ್ದವು. ಕೆಲವಕ್ಕೆ ಆಗಿರಲಿಲ್ಲ.

ಗುರು ಕತೆ ನಿಲ್ಲಿಸಿದರು. ಸಿದ್ಧವೀರ ತಡೆಯಲಾರದೆ ಕೇಳಿದ.

"ಗುರುಗಳೇ, ಅಷ್ಟು ಜನರಲ್ಲಿ ಒಬ್ಬರಾದರೂ ಅವಳ ಮಾತನ್ನು ನಂಬಲಿಲ್ಲವೇ?"

"ಎಲ್ಲರೂ ನಂಬಿದರು, ಅದಕ್ಕೇ ಬಾಗಿಲು ಹಾಕಿಕೊಂಡರು."